ಪದಚರ್ಚೆ: ಸತ್ತ ಮೇಲೂ ಬೆಳೆಯುವುದು ಆತ್ಮವೋ, ಜೀವವೋ?

ಪ್ರಶ್ನೆ (ಜಮಖಂಡಿಯಿಂದ)

ಎಲ್ಲರಿಗೂ ನಮಸ್ಕಾರ. ಸತ್ತವರು ಇದ್ದವರೊಡನೆ ಮಾತಾಡಬಲ್ಲರು ಎಂದು ನಂಬುವ ಸ್ಪಿರಿಚುಯಲಿಸಂ ಪಂಥದ ನಂಬಿಕೆಗಳನ್ನು ತಿಳಿಸುವ ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಮನೆಯವರನ್ನು ಕಳೆದುಕೊಂಡವರು ಓದಲೆಂದು ಬರೆದದ್ದು. ಬ್ರಿಟನ್ನಿನ ಸ್ಪಿರಿಚುಯಲಿಸ್ಟ್ಸ್ ನ್ಯಾಷನಲ್ ಯೂನಿಯನ್ ಒಪ್ಪಿಕೊಂಡಿರುವ ಏಳು ತತ್ವಗಳೇ ಅದರ ತಿರುಳು. ನಾಲ್ಕನೆಯ ತತ್ವಕ್ಕೆ 'ಮಾನವ ಆತ್ಮದ ನಿರಂತರ ಅಸ್ತಿತ್ವ' ಎಂದೂ ಏಳನೆಯದಕ್ಕೆ 'ಪ್ರತಿಯೊಂದು ಆತ್ಮಕ್ಕೂ ಶಾಶ್ವತ ಪ್ರಗತಿಯ ಅವಕಾಶ' ಎಂದೂ ಕರಡಿನಲ್ಲಿದೆ. ಎರಡೂ ಸರ್ಕಾರಿ ಸುತ್ತೋಲೆಯ ಹಾಗೆ ಕೇಳುತ್ತವೆ. 'ಆತ್ಮದ ಪ್ರಗತಿ' ಎಂಬ ಮಾತು ಶಾಸ್ತ್ರ ಬಲ್ಲವರಿಗೆ ಒಪ್ಪಿಗೆಯೇ? ಪಂಥದ ಹೆಸರು, ಮೀಡಿಯಂ (ಹೋದವರ ಮಾತನ್ನು ತಲುಪಿಸುತ್ತೇವೆ ಎನ್ನುವವರು), ಸಿಯಾನ್ಸ್ (ಅದಕ್ಕಾಗಿ ಜನ ಸೇರಿ ಕೂಡುವುದು), ಹೋದವರಿಂದ ಬರುತ್ತದೆನ್ನುವ ಮಾತು, ಇವಕ್ಕೆ ನಮ್ಮ ಕಡೆಯ ಓದುಗರು ಬೆಚ್ಚದ ಪದಗಳು ಬೇಕು.

ಉತ್ತರ 1 (ಬೆಳಗಾವಿಯಿಂದ)

ಅಕ್ಕೋರೆ, ನಿಮ್ಮ ಸಂಶಯ ಸರಿಯಾಗಿಯೇ ಇದೆ. ಎರಡೂ ಕಡೆ 'ಆತ್ಮ' ತೆಗೆದು 'ಜೀವ' ಹಾಕಿರಿ.

ವೇದಾಂತದ ಆತ್ಮ ಹುಟ್ಟುವುದಿಲ್ಲ, ಸಾಯುವುದಿಲ್ಲ, ಬದಲಾಗುವುದೂ ಇಲ್ಲ. ಗೀತೆಯ 2ನೇ ಅಧ್ಯಾಯ ಅದನ್ನು 'ಅವಿಕಾರ್ಯ' ಎಂದೇ ಕರೆದಿದೆ. ಬದಲಾಗದ್ದು ಬೆಳೆಯುವುದಾದರೂ ಹೇಗೆ? ಈ ಪಂಥದವರು ಹೇಳುವುದು ಬೇರೆಯೇ. ಸಾವಿನಾಚೆ ಉಳಿಯುವುದು ಹೆಸರು, ನೆನಪು, ಸ್ವಭಾವ, ಅಕ್ಕರೆಗಳ ಸಮೇತ ಆ ವ್ಯಕ್ತಿಯೇ ಎಂಬುದು ಅವರ ನಂಬಿಕೆ. ಸಿಡುಕು ಮನುಷ್ಯ ಸತ್ತ ಮರುದಿನ ಸಂತನಾಗುವುದಿಲ್ಲ. ಅಲ್ಲಿಯೂ ಕಲಿಯಬೇಕು, ತನ್ನಿಂದ ನೊಂದವರ ನೋವು ಅರಿಯಬೇಕು, ತಿದ್ದಿಕೊಳ್ಳಬೇಕು. ದುಃಖದಲ್ಲಿದ್ದವರಿಗೆ ಈ ನಂಬಿಕೆ ಕೊಡುವ ಸಮಾಧಾನದ ಬೇರು ಇಲ್ಲಿಯೇ ಇದೆ. ಹೋದವರು ಅವರಾಗಿಯೇ ಇದ್ದಾರೆ, ಮತ್ತು ಅವರ ಅರೆಬರೆ ಬದುಕು ಅಲ್ಲಿಗೇ ನಿಂತಿಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರಲ್ಲಿ ಒಬ್ಬ ತೀರಿಕೊಂಡಾಗ ಉಳಿದವನಿಗೆ ಈ ಎರಡನೆಯದೇ ದೊಡ್ಡ ಆಸರೆ. ನೀವು 'ಆತ್ಮ' ಎಂದು ಬರೆದ ಕೂಡಲೇ ಇವೆರಡೂ ಕೈತಪ್ಪುತ್ತವೆ.

'ಜೀವ' ನಮ್ಮ ಮನೆಮಾತು. 'ಹಿರೀ ಜೀವ', 'ಬಡ ಜೀವ', 'ಜೀವದ ಗೆಳತಿ', 'ಜೀವ ಮರುಗಿತು' ಇವುಗಳಲ್ಲೆಲ್ಲ ವ್ಯಕ್ತಿಯೂ ಅಕ್ಕರೆಯೂ ಕೂಡಿಯೇ ಬರುತ್ತವೆ. ಆದರೆ ಕ್ರಿಯಾಪದ ಆರಿಸುವಾಗ ಎಚ್ಚರ. 'ಜೀವ ಹೋಯಿತು' ಎಂದರೆ ಸತ್ತರು, 'ಜೀವ ಉಳಿಯಿತು' ಎಂದರೆ ಆಸ್ಪತ್ರೆಯಿಂದ ಬದುಕಿ ಬಂದರು. ಹಾಗಾಗಿ 'ಸತ್ತ ಮೇಲೂ ಜೀವ ಉಳಿಯುತ್ತದೆ' ಎಂದು ಬರೆದರೆ ಓದುಗ ತಡವರಿಸುತ್ತಾನೆ. ನಾಲ್ಕನೆಯದಕ್ಕೆ 'ದೇಹ ಬಿಟ್ಟರೂ ಜೀವದ ಇರವು ಕಡಿಯುವುದಿಲ್ಲ' ಎನ್ನಬಹುದು.

ಏಳನೆಯದರಲ್ಲಿ 'ಪ್ರಗತಿ' ಬೇಡ. ಅದು ಕಾಮಗಾರಿಗೆ, ಪರಿಶೀಲನಾ ಸಭೆಗೆ ಅಂಟಿಕೊಂಡ ಪದ. 'ಏಳಿಗೆ' ಎಂದರೆ ಹೊಲ, ಮನೆ, ವ್ಯಾಪಾರ ಕಣ್ಣಮುಂದೆ ಬರುತ್ತವೆ. 'ಸದ್ಗತಿ' ಹತ್ತಿರ ಎನಿಸಿದರೂ ಸಲ್ಲದು. ಸದ್ಗತಿ ಸಿಗುವಂಥದ್ದು, ಇದ್ದವರು ಕರ್ಮ ಮಾಡಿ ಕೊಡಿಸುವಂಥದ್ದು. ಇಲ್ಲಿ ಹೇಳುತ್ತಿರುವುದು ಹೋದ ಜೀವವೇ ದುಡಿದು ಗಳಿಸಿಕೊಳ್ಳುವ ಬೆಳವಣಿಗೆ. 'ಆತ್ಮಕ್ಕೆ ಶಾಂತಿ' ಎನ್ನುವ ರೂಢಿಯೂ ಇದೇ ಕಾರಣಕ್ಕೆ ಹೊಂದುವುದಿಲ್ಲ. ಈ ಪಂಥದಲ್ಲಿ ಸಾವು ವಿಶ್ರಾಂತಿಯಲ್ಲ, ಮುಂದಿನ ಕಲಿಕೆ. ನನ್ನ ಸಲಹೆ: 'ಮುಂದೆ ಬೆಳೆಯುವ ದಾರಿ ಯಾವ ಜೀವಕ್ಕೂ ಎಂದೂ ಮುಚ್ಚುವುದಿಲ್ಲ.' 'ಯಾವ ಜೀವಕ್ಕೂ' ಎಂಬುದನ್ನು ಎಂಥ ಸಂದರ್ಭದಲ್ಲೂ ಬಿಡಬೇಡಿರಿ. ನಿತ್ಯ ಸಂಸಾರಿಗಳು (ಹುಟ್ಟುಸಾವಿನಲ್ಲೇ ಸುತ್ತುವವರು), ತಮೋಯೋಗ್ಯರು (ಕೊನೆಯಿಲ್ಲದ ಕತ್ತಲೆಗೆ ಹೋಗುವವರು) ಎಂದು ಜೀವರನ್ನು ವಿಂಗಡಿಸುವ ಮಾಧ್ವ ಸಿದ್ಧಾಂತ ಬಲ್ಲವರು ನಮ್ಮ ಜಿಲ್ಲೆಗಳಲ್ಲಿ ಬಹಳ. ಇಲ್ಲಿ ಅಂಥ ವಿಂಗಡಣೆ ಇಲ್ಲ, ಕೊನೆಯಿಲ್ಲದ ನರಕವೂ ಇಲ್ಲ ಎಂಬುದು ಈ ಎರಡು ಶಬ್ದಗಳಿಂದಲೇ ಅವರಿಗೆ ತಿಳಿಯಬೇಕು.

ಆರನೆಯ ತತ್ವಕ್ಕೆ 'ಕರ್ಮಫಲ' ಎಂದು ಬರೆದಿದ್ದರೆ ನೋಡಿಕೊಳ್ಳಿ. ಕರ್ಮಫಲ ಎಂದರೆ ಮುಂದಿನ ಜನ್ಮ ಬಂದೇ ಬರುತ್ತದೆ. ಏಳು ತತ್ವಗಳಲ್ಲಿ ಪುನರ್ಜನ್ಮದ ಮಾತಿಲ್ಲ. 'ಇಲ್ಲಿ ಮಾಡಿದ ಒಳಿತು ಕೆಡುಕುಗಳ ಫಲ ಅಲ್ಲಿ ಉಣ್ಣಬೇಕು' ಎಂದರೆ ಸಾಕು. ಹೋದವರೊಡನೆ ಸಂಪರ್ಕದ ಮಾತು ಹೇಳುವ ಮೂರನೆಯದಕ್ಕೆ 'ಸಂವಹನ' ತೀರ ಒಣಗಿದ ಪದ, 'ಒಡನಾಟ' ಹಾಕಿರಿ.

ನಮ್ಮ ನೆಲಕ್ಕೇ ಸೇರಿದ ಎರಡು ತೊಡಕುಗಳಿವೆ. 'ಲಿಂಗೈಕ್ಯರಾದವರು' ಎಂದು ಗೌರವಕ್ಕೆ ಎಲ್ಲೆಡೆ ಬಳಸುತ್ತೇವೆ. ಆದರೆ ಷಟ್‌ಸ್ಥಲದಲ್ಲಿ ಎಂದರೆ ಶರಣರ ಸಾಧನೆಯ ಆರು ಮೆಟ್ಟಿಲುಗಳಲ್ಲಿ ಐಕ್ಯ ಕೊನೆಯ ಸ್ಥಲ, ಅಲ್ಲಿ ಬೇರೆಯಾಗಿ ಉಳಿಯುವವರಿಲ್ಲ. ಕೂಡಲಸಂಗಮದ ಸೀಮೆಯ ಓದುಗನಿಗೆ 'ಲಿಂಗೈಕ್ಯರಾದ ತಂದೆಯ ಜೊತೆ ಮಾತು' ಎಂದರೆ ಸಿದ್ಧಾಂತಕ್ಕೇ ಪೆಟ್ಟು. 'ಅಗಲಿದವರು' ಎಂದು ಬರೆಯಿರಿ, ಯಾರ ನಂಬಿಕೆಗೂ ತಾಗುವುದಿಲ್ಲ. ಇನ್ನೊಂದು, ಜೀವಕ್ಕೆ ಹೊದಿಕೆಯಾಗಿರುವ ಸೂಕ್ಷ್ಮ ದೇಹ. ಸಾಂಖ್ಯದ 'ಲಿಂಗಶರೀರ' ಅರ್ಥಕ್ಕೆ ಹೊಂದಿದರೂ ಇಲ್ಲಿ ಲಿಂಗ ಎಂದರೆ ಇಷ್ಟಲಿಂಗವೇ ನೆನಪಾಗುತ್ತದೆ. 'ಸೂಕ್ಷ್ಮಶರೀರ' ಎಂದೇ ಇಡಿರಿ.

ಉತ್ತರ 2 (ವಿಜಯಪುರದಿಂದ)

ಬೆಳಗಾವಿಯ ಸರ್ ಹೇಳಿದ 'ಜೀವ'ಕ್ಕೆ ನನ್ನದೂ ಒಪ್ಪಿಗೆ. ಉಳಿದ ಪದಗಳ ಬಗ್ಗೆ ಬರೆಯುತ್ತೇನೆ.

ಪಂಥದ ಹೆಸರನ್ನು 'ಅಧ್ಯಾತ್ಮವಾದ' ಎನ್ನಬೇಡಿರಿ. ಅಧ್ಯಾತ್ಮ ಎಂದರೆ ಈ ಊರಿನವರಿಗೆ ಜ್ಞಾನಯೋಗಾಶ್ರಮದ ಪ್ರವಚನ, ಇಂಚಗೇರಿ ಸಂಪ್ರದಾಯದ ನಾಮಸ್ಮರಣೆ, ನಿಂಬಾಳದ ಗುರುದೇವ ರಾನಡೆಯವರ ಚಿಂತನೆ. 'ಪ್ರೇತವಾದ' ಅದಕ್ಕಿಂತ ಕಷ್ಟ. ಶಾಸ್ತ್ರದಲ್ಲಿ ಪ್ರೇತ ಎಂದರೆ ಸಪಿಂಡೀಕರಣವೆಂಬ ಶ್ರಾದ್ಧಕರ್ಮವಾಗಿ ಪಿತೃಗಳನ್ನು ಸೇರುವವರೆಗಿನ ಸ್ಥಿತಿ ಅಷ್ಟೇ, ಆದರೆ ರೂಢಿಯಲ್ಲಿ ಅದು ಹೆದರಿಕೆಯ ಪದವಾಗಿಬಿಟ್ಟಿದೆ. 'ಸ್ಪಿರಿಚುಯಲಿಸಂ' ಎಂದೇ ಇಟ್ಟು ಮೊದಲ ಸಲ ಬಂದಲ್ಲಿ ಒಂದು ವಾಕ್ಯ ಸೇರಿಸಿ: 1848ರ ಮಾರ್ಚ್ 31ರಂದು ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್‌ನಲ್ಲಿ ಫಾಕ್ಸ್ ಸೋದರಿಯರು ಕೇಳಿದರೆನ್ನುವ ತಟ್ಟುವ ಸದ್ದಿನಿಂದ ಬೆಳೆದ ಪಂಥ. 1857ರಲ್ಲಿ ಪ್ಯಾರಿಸ್‌ನಲ್ಲಿ ಅಲನ್ ಕಾರ್ಡೆಕ್ ರೂಪಿಸಿದ 'ಸ್ಪಿರಿಟಿಸಂ' ಬೇರೆ, ಅದು ಪುನರ್ಜನ್ಮವನ್ನು ಒಪ್ಪುತ್ತದೆ. ಅಕ್ಷರ ಹತ್ತಿರವಿರುವುದರಿಂದ ಕರಡು ತಿದ್ದುವಾಗ ಇವೆರಡು ಅದಲುಬದಲಾಗುತ್ತವೆ, ಪ್ರತಿಸಲ ಮೂಲಕ್ಕೆ ಹೋಲಿಸಿ ನೋಡಿ.

ಮೀಡಿಯಂಗೆ 'ಮಾಧ್ಯಮ' ಎಂದರೆ ಟಿವಿಯವರು, 'ಮಧ್ಯವರ್ತಿ' ಎಂದರೆ ದಲಾಲರು. 'ಮೀಡಿಯಂ' ಎಂದೇ ಬಿಡಿರಿ. 'ಮೈಮೇಲೆ ಬರುವವರು' ಎಂದು ಬರೆಯುವ ಆಸೆಯಾಗಬಹುದು. ನಮ್ಮಲ್ಲಿ ಮೈಮೇಲೆ ಬರುವುದು ದೇವರು ಇಲ್ಲವೇ ಗಾಳಿ. ಅಲ್ಲದೆ ಇಂದಿನ ಬಹುಪಾಲು ಮೀಡಿಯಂಗಳು ಎಚ್ಚರದಲ್ಲಿ ಕುಳಿತೇ ಮಾತಾಡುತ್ತಾರೆ. ಇದೇ ಕಾರಣಕ್ಕೆ ಸಂದೇಶಕ್ಕೆ 'ಹೇಳಿಕೆ' ಬೇಡ. ದೇವರ ಹೇಳಿಕೆ ಅಪ್ಪಣೆ ಇದ್ದಂತೆ, ಮೀರಿದರೆ ಕೇಡು ಎಂಬ ಭಯ ಅದರ ಹಿಂದೆ ಇದೆ. ಈ ಪಂಥದ ಐದನೆಯ ತತ್ವ ಪ್ರತಿಯೊಬ್ಬರೂ ತಮ್ಮ ಬದುಕಿಗೆ ತಾವೇ ಹೊಣೆ ಎನ್ನುತ್ತದೆ. ಹೊಲ ಮಾರುವುದು, ಮಗಳ ಮದುವೆ, ಔಷಧ ನಿಲ್ಲಿಸುವುದು ಇವನ್ನೆಲ್ಲ ಸಂದೇಶ ಕೇಳಿ ನಿರ್ಧರಿಸುವುದು ಆ ತತ್ವಕ್ಕೇ ವಿರುದ್ಧ. 'ಸಂದೇಶ' ಎಂದರೆ ಕೇಳಿ ತೂಗಿ ನೋಡಬಹುದಾದ ಮಾತು.

ಸಿಯಾನ್ಸ್‌ಗೆ 'ಕೂಟ' ಚೆನ್ನ. 'ಆವಾಹನೆ', 'ಆತ್ಮಗಳನ್ನು ಕರೆಸುವುದು' ತಪ್ಪು. ಅವರು ಯಾರನ್ನೂ ಕರೆಸುವುದಿಲ್ಲ, ಬಂದವರೊಡನೆ ಮಾತಾಡುತ್ತೇವೆ ಎನ್ನುತ್ತಾರೆ. 'ಕರೆಸು' ಎಂದ ಕೂಡಲೇ ಓದುಗರ ಮನಸ್ಸು ಹಲಗೆಯ ಮೇಲೆ ಬೆರಳಿಟ್ಟು ಸತ್ತವರನ್ನು ಕೇಳುವ ಪ್ಲಾಂಚೆಟ್ ಆಟಕ್ಕೆ, ಅಲ್ಲಿಂದ ಮಾಟಮಂತ್ರಕ್ಕೆ ಹೋಗುತ್ತದೆ. ಕೂಟದ ಕ್ರಮವನ್ನು ಸರಳವಾಗಿ ಬರೆಯಿರಿ: ನಾಲ್ಕರಿಂದ ಎಂಟು ಜನ, ವಾರಕ್ಕೊಮ್ಮೆ ಅದೇ ದಿನ ಅದೇ ಹೊತ್ತಿಗೆ, ಸುಮಾರು ಒಂದು ತಾಸು, ಮೊದಲಿಗೂ ಕೊನೆಗೂ ಪ್ರಾರ್ಥನೆ. ಒಬ್ಬೊಬ್ಬರಾಗಿ ಕೇಳಲು ಹೋದಾಗ ಮೀಡಿಯಂ ಮೊದಲು ಗುರುತು ಹೇಳಬೇಕು, ಅಂದರೆ ಅಗಲಿದವರ ಸಂಬಂಧ, ರೂಢಿ, ಮನೆಯವರಿಗಷ್ಟೇ ಗೊತ್ತಿರುವ ಒಂದೆರಡು ಸಂಗತಿ. ಸಂದೇಶ ಆಮೇಲೆ. ಕೇಳುವವರು 'ಹೌದು', 'ಅಲ್ಲ', 'ಗೊತ್ತಿಲ್ಲ' ಇಷ್ಟೇ ಹೇಳಬೇಕು. ಇಲ್ಲಿಯೇ ಕೆಲಸ ಕೆಡುವುದು. ದುಃಖದಲ್ಲಿದ್ದವರು 'ಹೌದ್ರೀ, ನಮ್ಮಪ್ಪಗ ಎದಿನೋವಿತ್ರೀ' ಎಂದು ತಾವೇ ಸುಳಿವು ಬಿಟ್ಟುಕೊಡುತ್ತಾರೆ, ಅದನ್ನೇ ತಿರುಗಿಸಿ ಹೇಳಿದರೆ ಪವಾಡ ಎನ್ನುತ್ತಾರೆ. ಅನುವಾದದಲ್ಲಿ ಈ ಎಚ್ಚರಿಕೆ ಅಡಿಟಿಪ್ಪಣಿಗೆ ಇಳಿಯದೆ ಮೈಯಲ್ಲೇ ಇರಲಿ.

ಕ್ರಿಯಾಪದದ ಮಾತು ಒಂದು ಉಳಿಯಿತು. 'ಸಾಬೀತಾಗಿದೆ', 'ಕಂಡುಬಂದಿದೆ' ಎಲ್ಲಿದ್ದರೂ 'ಎನ್ನುತ್ತಾರೆ', 'ನಂಬುತ್ತಾರೆ' ಎಂದು ತಿದ್ದಿರಿ. ಫಾಕ್ಸ್ ಸೋದರಿಯರಲ್ಲಿ ಮಾರ್ಗರೆಟ್ 1888ರಲ್ಲಿ ತುಂಬಿದ ಸಭೆಯ ಮುಂದೆ ಆ ಸದ್ದು ಕಾಲ್ಬೆರಳಿನ ಕೀಲಿನದೆಂದು ಒಪ್ಪಿಕೊಂಡು, ಮರುವರ್ಷ ಆ ಮಾತನ್ನು ಹಿಂತೆಗೆದುಕೊಂಡರು. ಅದನ್ನು ತಿಳಿದ ಓದುಗ 'ಸಾಬೀತು' ಎಂಬ ಪದ ಕಂಡಲ್ಲಿಯೇ ಪುಸ್ತಕ ಮುಚ್ಚುತ್ತಾನೆ. 'ನಂಬುತ್ತಾರೆ' ಎಂದಿದ್ದರೆ ತನಗೆ ಬೇಕಾದಷ್ಟನ್ನು ತೆಗೆದುಕೊಂಡು ಓದುತ್ತಾನೆ.

'ಸ್ಪಿರಿಟ್ ಗೈಡ್' (ಆಚೆಯಿಂದ ನೆರವಾಗುತ್ತದೆನ್ನುವ ಜೀವ) ಎಂಬುದಕ್ಕೆ 'ಗುರು' ಹೊಂದುವುದಿಲ್ಲ, ದೀಕ್ಷೆ ಕೊಡುವವರಲ್ಲ ಅವರು. ಸದ್ಯಕ್ಕೆ 'ದಾರಿ ತೋರುವ ಹಿರಿಯ' ಎಂದು ಇಟ್ಟುಕೊಳ್ಳಬಹುದು, ಆದರೆ ನಮ್ಮಲ್ಲಿ 'ಹಿರಿಯರು' ಎಂದರೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆತನದವರೇ. ಗೈಡ್ ರಕ್ತಸಂಬಂಧಿಯೇ ಆಗಿರಬೇಕಿಲ್ಲ. ಇದಕ್ಕಿಂತ ಒಳ್ಳೆಯ ಪದ ಯಾರಲ್ಲಾದರೂ ಇದ್ದರೆ ಬರೆಯಿರಿ.