ಸಹಾಯ ಬೇಕು: ರಿಯಾಕ್ಷನ್ ವಿಡಿಯೋ ನೋಡುವವರು ಹೊಸ ಹಾಡು ಹೇಳಿ

ಹಾಡಲು ಕಲಿಸುವ ವೋಕಲ್ ಕೋಚ್‌ಗಳು ಬೇರೆಯವರ ಹಾಡು ಕೇಳುತ್ತಾ ಪ್ರತಿಕ್ರಿಯಿಸುವ ರಿಯಾಕ್ಷನ್ ವಿಡಿಯೋ ನೋಡಿ ನೋಡಿಯೇ ನನಗೆ ಒಳ್ಳೆಯ ಸಂಗೀತ ಸಿಕ್ಕಿದ್ದು. 2013ರಲ್ಲಿ ಜರ್ಮನಿಯ ವಾಕೆನ್ ಸಂಗೀತೋತ್ಸವದಲ್ಲಿ ಫಿನ್‌ಲ್ಯಾಂಡ್‌ನ ನೈಟ್‌ವಿಶ್ ತಂಡ ಕೊಟ್ಟ ಲೈವ್, ಮಂಗೋಲಿಯಾದ ದ ಹೂ ತಂಡದ ಗಂಟಲು ಗಾಯನ, ಅಮೆರಿಕದ ಡಿಸ್ಟರ್ಬ್ಡ್ ತಂಡದ ಗಾಯಕ ಡೇವಿಡ್ ಡ್ರೇಮನ್ ಮೆಲ್ಲಗೆ ಶುರು ಮಾಡಿ ಕೊನೆಗೆ ಗುಡುಗುವುದು, ಎಲ್ಲಾ ಹಾಗೇ ಗೊತ್ತಾಗಿದ್ದು. ಈಗ ಯಾವ ಚಾನೆಲ್ ತೆರೆದರೂ ಅವೇ ಹಾಡು, ಅದೇ ಬಾಯಿ ಬಿಟ್ಟ ಮುಖದ ಥಂಬ್‌ನೇಲ್! ಹಿಸ್ಟರಿ ಅಳಿಸಿ ನೋಡಿದೆ, ಪ್ಲೇಲಿಸ್ಟ್‌ಗಳನ್ನೂ ಜಾಲಾಡಿದೆ. ಮೆಟಲ್ (ಅಬ್ಬರದ ರಾಕ್ ಸಂಗೀತ) ಅಂತ ಹುಡುಕಿದರೆ ಬರೀ ಕಿರುಚಾಟ. ಭಾಷೆ, ಪ್ರಕಾರ ಯಾವುದಾದರೂ ಪರವಾಗಿಲ್ಲ, ಒಂದೇ ಹಾಡಿನಲ್ಲಿ ದನಿ ಪಿಸುಮಾತಿನಿಂದ ಅಬ್ಬರಕ್ಕೆ ಏರಬೇಕು, ಅದೂ ಲೈವ್‌ನಲ್ಲಿ. ಇದನ್ನು ಏನಂತ ಹುಡುಕಬೇಕು ಅನ್ನುವುದೇ ತಿಳಿಯುತ್ತಿಲ್ಲ. ಇಂಥ ಒಬ್ಬ ಗಾಯಕರ ಅಥವಾ ತಂಡದ ಹೆಸರು, ಜೊತೆಗೆ ಯಾವ ಲೈವ್ ಮೊದಲು ಕೇಳಬೇಕು ಅಂತ ಹೇಳುತ್ತೀರಾ?