ವಿಮಾನಕ್ಕೆಂದು ಸೈಕಲ್ ಪ್ಯಾಕ್ ಮಾಡಿ ನೋಡಿದೆ: ಬ್ರೇಕ್ ಉಜ್ಜುತ್ತಿದೆ, ಗೇರ್ ಜಿಗಿಯುತ್ತಿದೆ, ತೂಕವೂ ಹೆಚ್ಚು

ಹಾದಿಗುಂಟ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಹೊರದೇಶದಲ್ಲಿ ಸೈಕಲ್ ಪ್ರವಾಸ ಇದೆ. ಟಿಕೆಟ್ ಒಂದೇ, ವಿಮಾನ ಎರಡು. ಮೊದಲನೆಯದು 13 ಗಂಟೆಯ ದೊಡ್ಡ ವಿಮಾನ. ಎರಡನೆಯದು ಬೇರೆ ಸಂಸ್ಥೆ ಓಡಿಸುವ ಸಣ್ಣ ಪ್ರೊಪೆಲ್ಲರ್ ವಿಮಾನ. ಹೊರಡುವ ಮೊದಲು ಅಭ್ಯಾಸವಾಗಲಿ ಎಂದು ಸೈಕಲ್ ಬಿಚ್ಚಿ ರಟ್ಟಿನ ಪೆಟ್ಟಿಗೆಗೆ ತುಂಬಿ, ಎರಡು ದಿನ ಮಲಗಿಸಿಟ್ಟು, ಮತ್ತೆ ಜೋಡಿಸಿ ನೋಡಿದೆ.

ಈಗ ಮುಂದಿನ ಡಿಸ್ಕ್ ಬ್ರೇಕ್ ಉಜ್ಜುತ್ತಿದೆ, ಲಿವರ್ ಹಿಡಿದರೆ ಹ್ಯಾಂಡಲ್‌ವರೆಗೂ ಬರುತ್ತದೆ. ಬಿಚ್ಚುವ ಮುಂಚೆ ಎರಡೂ ಸರಿಯಾಗಿದ್ದವು. ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬಿಚ್ಚಿ ಫ್ರೇಮಿನ ಒಳಗೆ ಕಟ್ಟಿದ್ದೆ, ವಾಪಸ್ ಹಾಕಿದ ಮೇಲೆ ಗೇರ್ ತಾನೇ ಜಿಗಿಯುತ್ತಿದೆ. ಪೆಟ್ಟಿಗೆ 25.4 ಕಿಲೋ ತೂಗಿತು, ಟಿಕೆಟ್ಟಿನಲ್ಲಿ 23 ಕಿಲೋಗೆ ಮಾತ್ರ ಅವಕಾಶ. ಟೈರಿನ ಗಾಳಿ ಪೂರ್ತಿ ಬಿಡಬೇಕೇ ಎಂಬುದೂ ಗೊತ್ತಿಲ್ಲ, ನನ್ನದು ಟ್ಯೂಬ್‌ಲೆಸ್. ಗೇರ್ ಎಲೆಕ್ಟ್ರಾನಿಕ್ ಅಲ್ಲ, ಕೇಬಲ್ಲಿನದು. ತಿಳಿದವರು ದಯವಿಟ್ಟು ಹೇಳಿ.

ಹಿಂಚಕ್ರ

ಮನೆಯಲ್ಲೇ ಒಮ್ಮೆ ಬಿಚ್ಚಿ ಜೋಡಿಸಿದ್ದು ಬಹಳ ಒಳ್ಳೆಯದಾಯಿತು. ಇದೇ ತೊಂದರೆ ಇಳಿದ ಊರಿನಲ್ಲಿ, ನಿದ್ದೆಗೆಟ್ಟ ಸ್ಥಿತಿಯಲ್ಲಿ ಎದುರಾಗಿದ್ದರೆ ಒಂದು ದಿನವೇ ಹಾಳಾಗುತ್ತಿತ್ತು.

ಮೊದಲು ಬ್ರೇಕ್. ಮುಂದಿನ ಚಕ್ರ ಎತ್ತಿ ನಿಧಾನಕ್ಕೆ ತಿರುಗಿಸಿ, ಕಿವಿಗೊಟ್ಟು ಕೇಳಿ. ಪ್ರತಿ ಸುತ್ತಿನಲ್ಲಿ ಒಂದೇ ಸಲ ಸದ್ದು ಬಂದರೆ ರೋಟರ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್, ಬಾಗಿದೆ. ಸುತ್ತಿನುದ್ದಕ್ಕೂ ಉಜ್ಜಿದರೆ ರೋಟರ್ ನೇರವಾಗಿದೆ, ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದಿರುವ ಭಾಗ) ಪಕ್ಕಕ್ಕೆ ಸರಿದಿದೆ ಅಥವಾ ಪ್ಯಾಡ್ ತಳ್ಳುವ ಒಂದು ಪಿಸ್ಟನ್ ಮುಂದೆ ಬಂದು ನಿಂತಿದೆ. ಚಕ್ರ ಹೊರಗಿದ್ದಾಗ ಲಿವರ್ ಒಂದು ಸಲ ಒತ್ತಿಹೋದರೂ ಪಿಸ್ಟನ್ ಹೊರಗೆ ಬರುತ್ತದೆ. ಪ್ಯಾಡ್ ತೆಗೆದು, ಪ್ಲಾಸ್ಟಿಕ್ ಟೈರ್ ಲಿವರಿನಿಂದ ಪಿಸ್ಟನ್‌ಗಳನ್ನು ಮೆಲ್ಲಗೆ ಒಳಕ್ಕೆ ತಳ್ಳಿ. ಪ್ಯಾಡ್ ಮತ್ತು ಚಕ್ರ ಹಾಕಿ, ಆಕ್ಸಲ್ ಪೂರ್ತಿ ಬಿಗಿ ಮಾಡಿ. ಆಮೇಲೆ ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಗಟ್ಟಿಯಾಗಿ ಹಿಡಿದುಕೊಂಡೇ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಆಕ್ಸಲ್ ಅರ್ಧ ಬಿಗಿ ಇದ್ದಾಗ ಈ ಕೆಲಸ ಮಾಡಿದರೆ ಉಜ್ಜುವುದು ನಿಲ್ಲುವುದಿಲ್ಲ.

ಲಿವರ್ ಹ್ಯಾಂಡಲ್‌ವರೆಗೆ ಬರುವುದಕ್ಕೆ ಕಾರಣ ಬೇರೆ. ಪೆಟ್ಟಿಗೆ ಮಲಗಿದ್ದಾಗ ಲಿವರಿನ ಎಣ್ಣೆ ತೊಟ್ಟಿಯಲ್ಲಿದ್ದ ಗಾಳಿಗುಳ್ಳೆ ಪೈಪಿಗೆ ಸೇರಿರಬಹುದು. ಸೈಕಲ್ ನೆಟ್ಟಗೆ ನಿಲ್ಲಿಸಿ ಲಿವರನ್ನು ಹಲವು ಸಲ ಒತ್ತಿ ಬಿಡಿ. ನಂತರ ರಬ್ಬರ್ ಬ್ಯಾಂಡ್ ಹಾಕಿ, ಒತ್ತಿದ ಸ್ಥಿತಿಯಲ್ಲೇ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಏನಾಗಿದೆ ಹೇಳಿ.

ಗೇರ್ ವಿಷಯಕ್ಕೆ ಕೇಬಲ್ ಮುಟ್ಟಬೇಡಿ. ಡಿರೇಲರನ್ನು ಫ್ರೇಮಿಗೆ ಕೂರಿಸುವ ತುಂಡು, ಅಂದರೆ ಹ್ಯಾಂಗರಿನ ಹಿಂಬದಿಯಲ್ಲಿ ಒಂದು ಸಣ್ಣ ಮೆಟ್ಟಿಲು ಇರುತ್ತದೆ. ಡಿರೇಲರಿನ ಬಿ-ಟೆನ್ಷನ್ ಸ್ಕ್ರೂ (ಡಿರೇಲರಿನ ಕೋನ ಹೊಂದಿಸುವ ಸ್ಕ್ರೂ) ಅಥವಾ ಅದರ ತಗಡು ಆ ಮೆಟ್ಟಿಲಿನ ಹಿಂದೆ ಒರಗಿ ಕೂರಬೇಕು. ಬಿಚ್ಚಿ ಹಾಕುವಾಗ ಅದು ಮೆಟ್ಟಿಲಿಗೆ ಸಿಕ್ಕಿಕೊಂಡರೆ ಡಿರೇಲರ್ ಓರೆಯಾಗಿ ನಿಲ್ಲುತ್ತದೆ, ಆಗ ಎಷ್ಟು ಟ್ಯೂನ್ ಮಾಡಿದರೂ ಗೇರ್ ಸರಿಹೋಗದು. ಮೊದಲು ಅದನ್ನು ನೋಡಿ.

ಮೋಡದ ಮೇಲೆ

ಗಾಳಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಇದರಲ್ಲಿ ಸುಮ್ಮನೆ ಹೆದರಿಸುವವರೇ ಹೆಚ್ಚು. ಪ್ರಯಾಣಿಕರ ವಿಮಾನದಲ್ಲಿ ಲಗೇಜ್ ಇಡುವ ಜಾಗಕ್ಕೂ ಮೇಲಿನ ಕ್ಯಾಬಿನ್‌ನಷ್ಟೇ ಗಾಳಿಯ ಒತ್ತಡ ಇರುತ್ತದೆ. ಅದು ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ಸಮುದ್ರಮಟ್ಟದಲ್ಲಿ 14.7 ಪಿಎಸ್‌ಐ ಇದ್ದರೆ ಅಲ್ಲಿ ಸುಮಾರು 10.9. ಅಂದರೆ ನಿಮ್ಮ ಟೈರಿಗೆ ಹೆಚ್ಚಾಗುವುದು ನಾಲ್ಕು ಪಿಎಸ್‌ಐಗೂ ಕಡಿಮೆ, ಅಷ್ಟಕ್ಕೆ ಟೈರ್ ಒಡೆಯುವುದಿಲ್ಲ. ಹಾಗಿದ್ದರೂ ಎಷ್ಟೋ ಸಂಸ್ಥೆಗಳು ಗಾಳಿ ಇಳಿಸಬೇಕು ಎಂದು ನಿಯಮ ಇಟ್ಟಿವೆ, ಕೌಂಟರಿನಲ್ಲಿ ನಿಂತು ವಾದ ಮಾಡಿ ಉಪಯೋಗವಿಲ್ಲ. ಬೆರಳಲ್ಲಿ ಒತ್ತಿದರೆ ಮೆತ್ತಗಿರುವಷ್ಟು ಇಳಿಸಿ, ಪೂರ್ತಿ ಖಾಲಿ ಮಾಡಬೇಡಿ. ಪೂರ್ತಿ ಖಾಲಿಯಾದರೆ ಟ್ಯೂಬ್‌ಲೆಸ್ ಟೈರಿನ ಅಂಚು ರಿಮ್ ಬಿಟ್ಟು, ತೂತು ಮುಚ್ಚಲು ಒಳಗೆ ಹಾಕಿರುವ ಸೀಲೆಂಟ್ ದ್ರವ ಪೆಟ್ಟಿಗೆಯೆಲ್ಲ ಹರಿಯಬಹುದು, ರಿಮ್ಮಿಗೂ ಆಸರೆ ಇರುವುದಿಲ್ಲ.

ಟೈರ್ ತುಂಬಲು ಸಿಒ2 ಸಿಲಿಂಡರ್ ಒಯ್ಯುವ ಯೋಚನೆ ಇದ್ದರೆ ಬಿಡಿ. ಕೆಲವು ಸಂಸ್ಥೆಗಳು ಮೊದಲೇ ಅನುಮತಿ ಪಡೆದರೆ ಬಿಡುತ್ತವೆ, ಕೆಲವು ಕಡೆ ಭದ್ರತೆಯವರು ಎತ್ತಿಕೊಳ್ಳುತ್ತಾರೆ. ಕೈಪಂಪ್ ಸಾಕು. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಗೆ ಹಾಕುವ ಹಾಗಿಲ್ಲ. ಬ್ಯಾಟರಿಯ ಸಾಮರ್ಥ್ಯ 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ಅನುಮತಿ ಬೇಕಿಲ್ಲ, 100ರಿಂದ 160ರವರೆಗೆ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೀರಿದ್ದಕ್ಕೆ ಪ್ರಯಾಣಿಕರ ಲಗೇಜಿನಲ್ಲಿ ಜಾಗವಿಲ್ಲ. ಮೋಟಾರ್ ಇರುವ ಸೈಕಲ್ಲಿನ ಬ್ಯಾಟರಿ ಸಾಮಾನ್ಯವಾಗಿ ಈ ಮಿತಿ ದಾಟಿರುತ್ತದೆ. ನಿಮ್ಮದಲ್ಲದಿದ್ದರೂ ಮುಂದೆ ಓದುವವರಿಗೆ ಬೇಕಾದೀತು.

ಹಾದಿಗುಂಟ

ಹಿಂಚಕ್ರ ಸರ್, ತುಂಬಾ ಧನ್ಯವಾದ. ಸದ್ದು ಸುತ್ತಿನುದ್ದಕ್ಕೂ ಇತ್ತು, ಕ್ಯಾಲಿಪರ್ ಸರಿಮಾಡಿದ ಮೇಲೆ ನಿಂತಿತು. ಬಿ-ಟೆನ್ಷನ್ ತಗಡು ನೀವು ಹೇಳಿದ ಹಾಗೇ ಮೆಟ್ಟಿಲಿನ ಮೇಲೆ ಹತ್ತಿ ಕೂತಿತ್ತು. ಸರಿಯಾಗಿ ಕೂರಿಸಿದೆ, ಎಲ್ಲ ಗೇರೂ ಬೀಳುತ್ತಿವೆ. ಬೆಳಿಗ್ಗೆ ನೋಡಿದರೆ ಲಿವರೂ ಗಟ್ಟಿಯಾಗಿದೆ. ಹಾಗಾದರೆ ಬ್ರೇಕ್ ವಿಷಯ ಮುಗಿಯಿತು ಅಂದುಕೊಳ್ಳಲೇ?

ಹಿಂಚಕ್ರ

ಇಲ್ಲ, ಮುಗಿದಿಲ್ಲ. ರಾತ್ರಿಯಲ್ಲಿ ಗಾಳಿಗುಳ್ಳೆ ಮೇಲಕ್ಕೆ ಹೋಗಿ ಮತ್ತೆ ತೊಟ್ಟಿ ಸೇರಿದೆ, ಹೊರಗೆ ಹೋಗಿಲ್ಲ. ಪೆಟ್ಟಿಗೆ ಇನ್ನೊಮ್ಮೆ ಮಲಗಿದರೆ ಅದೇ ಕಥೆ. ಎಣ್ಣೆ ಸರಿಯಾಗಿ ತುಂಬಿದ ಬ್ರೇಕನ್ನು ತಲೆಕೆಳಗು ಮಾಡಿದರೂ ಲಿವರ್ ಮೆತ್ತಗಾಗಬಾರದು. ಹೊರಡುವ ಮುಂಚೆ ಬ್ಲೀಡ್ ಮಾಡಿಸಿ, ಅಂದರೆ ಎಣ್ಣೆಯೊಳಗಿನ ಗಾಳಿ ಪೂರ್ತಿ ಹೊರತೆಗೆಸಿ, ಒಂದು ರಾತ್ರಿ ಸೈಕಲ್ ಮಲಗಿಸಿ ಪರೀಕ್ಷಿಸಿ. ಎಣ್ಣೆ ಯಾವುದು ಎಂದು ಲಿವರ್ ಮೇಲೇ ಬರೆದಿರುತ್ತದೆ. ಮಿನರಲ್ ಆಯಿಲ್ ಇರುವಲ್ಲಿ ಡಾಟ್ ಎಂಬ ಬೇರೆ ಬಗೆಯ ಬ್ರೇಕ್ ದ್ರವ ಹೋದರೆ ಒಳಗಿನ ಸೀಲುಗಳೇ ಹಾಳಾಗುತ್ತವೆ. ಬ್ರೇಕ್ ವಿಷಯದಲ್ಲಿ ಮಾತ್ರ ‘ನಡೆಯುತ್ತೆ ಬಿಡಿ’ ಅನ್ನಬೇಡಿ. ಗೊತ್ತಿಲ್ಲದ ಘಾಟಿಯಲ್ಲಿ ಸಾಮಾನು ಹೊತ್ತು ಇಳಿಯುವವರು ನೀವು.

ಈಗ ಪೆಟ್ಟಿಗೆ ತುಂಬುವ ಬಗೆ. ಸೈಕಲ್ ಬಹುಪಾಲು ಕೆಡುವುದು ಪೆಟ್ಟಿಗೆ ಮಲಗಿ, ಅದರ ಮೇಲೆ ಭಾರ ಬಿದ್ದಾಗ. ‘ಈ ಬದಿ ಮೇಲೆ’ ಎಂದು ಬಾಣ ಬರೆದರೂ ಮಲಗಿಸುತ್ತಾರೆ ಎಂದೇ ಎಣಿಸಿ. ಮುಂದಿನ ಫೋರ್ಕಿನ ಎರಡು ಕಾಲುಗಳು ಒಳಕ್ಕೆ ಬಾಗದಂತೆ ನಡುವೆ ಸ್ಪೇಸರ್ ಎಂಬ ಅಡ್ಡ ತುಂಡು ಇರಲೇಬೇಕು, ಅಳತೆ ಸಾಮಾನ್ಯವಾಗಿ 100 ಮಿ.ಮೀ. ಹೊಸ ಸೈಕಲ್ ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ಕಿನದ್ದೇ ಆದೀತು. ಹಿಂದಿನ ಚಕ್ರ ಬಿಚ್ಚಿದರೆ ಅಲ್ಲಿಗೂ ಒಂದು ಬೇಕು, ಅಳತೆ 135, 142, 148 ಹೀಗೆ ಫ್ರೇಮಿಗೆ ತಕ್ಕಂತೆ. ಬ್ರೇಕ್ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸಿ. ರೋಟರ್ ಬಿಚ್ಚಿ ಎರಡು ರಟ್ಟಿನ ನಡುವೆ ಇಟ್ಟು ಟೇಪ್ ಸುತ್ತಿ. ಚಕ್ರದ ಹಬ್ ತುದಿ ಪೆಟ್ಟಿಗೆಯನ್ನು ಚುಚ್ಚಿ ಹೊರಬರುತ್ತದೆ, ಅಲ್ಲಿ ಮೂರ್ನಾಲ್ಕು ಪದರ ದಪ್ಪ ರಟ್ಟು ಅಂಟಿಸಿ. ಡಿರೇಲರ್ ಬಿಚ್ಚಿ ಒಳಗೆ ಕಟ್ಟಿದ್ದು ಸರಿಯಾದ ಕ್ರಮ, ಮುಂದೆಯೂ ಹಾಗೇ ಮಾಡಿ. ಹ್ಯಾಂಗರ್ ಮೆತ್ತನೆಯ ಅಲ್ಯೂಮಿನಿಯಮ್, ಫ್ರೇಮ್ ಉಳಿಯಲಿ ಎಂದೇ ತಾನು ಬಾಗುವ ಹಾಗೆ ಮಾಡಿದ್ದು. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಹೋದ ಊರಿನಲ್ಲಿ ಸಿಗುತ್ತದೆ ಎಂದು ನಂಬಬೇಡಿ. ಒಂದು ಹೆಚ್ಚುವರಿ ಹ್ಯಾಂಗರ್ ಜೊತೆಗಿರಲಿ.

ಬೋಲ್ಟು, ಆಕ್ಸಲ್, ಪೆಡಲ್ ಎಲ್ಲ ಒಂದೇ ಚೀಲದಲ್ಲಿ ಹಾಕಿ ಫ್ರೇಮಿಗೆ ಕಟ್ಟಿ. ಭದ್ರತೆಯವರು ಪೆಟ್ಟಿಗೆ ತೆರೆದು ಮುಚ್ಚಿದ ಮೇಲೆ, ಕೈ ಹಾಕುವ ತೂತಿನಿಂದ ಬಿಡಿಭಾಗ ಉದುರಿಹೋದದ್ದನ್ನು ನೋಡಿದ್ದೇನೆ. ಎಡ ಪೆಡಲಿನ ತಿರುಪು ತಿರುವುಮುರುವು, ಬಿಚ್ಚಲು ಬಲಕ್ಕೆ ತಿರುಗಿಸಬೇಕು.

ಮೋಡದ ಮೇಲೆ

ತೂಕಕ್ಕೆ: ಹೆಲ್ಮೆಟ್, ಶೂ, ಚೀಲಗಳನ್ನು ಪೆಟ್ಟಿಗೆಯಿಂದ ತೆಗೆದರೆ 23ರೊಳಗೆ ಬರಬಹುದು. ಉಪಕರಣಗಳು ಅಲ್ಲೇ ಇರಲಿ, ಕೈಚೀಲದಲ್ಲಿ ಬಿಡುವುದು ಕಷ್ಟ. ಕೆಲವು ಸಂಸ್ಥೆಗಳು ಸೈಕಲ್ ಪೆಟ್ಟಿಗೆಯಲ್ಲಿ ಬಟ್ಟೆಬರೆ ಇಡಲು ಒಪ್ಪುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಆ ಸಣ್ಣ ವಿಮಾನ. ಸಾಮಾನ್ಯ ಲಗೇಜಿಗೆ ಉದ್ದ, ಅಗಲ, ಎತ್ತರ ಸೇರಿ 158 ಸೆಂ.ಮೀ. ಮಿತಿ. ಸೈಕಲ್ ಪೆಟ್ಟಿಗೆ ಅದನ್ನು ಎಷ್ಟೋ ಮೀರುತ್ತದೆ. ದೊಡ್ಡ ವಿಮಾನಕ್ಕೆ ಹೊರೆಯಾಗದ ಪೆಟ್ಟಿಗೆ ಪ್ರೊಪೆಲ್ಲರ್ ವಿಮಾನದ ಲಗೇಜ್ ಬಾಗಿಲಲ್ಲೇ ಹಿಡಿಸದೆ ಹೋಗಬಹುದು. ಟಿಕೆಟ್ ಮಾರಿದವರನ್ನು ಕೇಳಿದರೆ ಸಾಲದು, ಆ ವಿಮಾನ ಹಾರಿಸುವ ಸಂಸ್ಥೆಗೇ ಪೆಟ್ಟಿಗೆಯ ಅಳತೆ, ತೂಕ ಬರೆದು ಮೇಲ್ ಮಾಡಿ. ಫೋನಿನಲ್ಲಿ ‘ಆಗುತ್ತೆ’ ಅಂದದ್ದು ಕೌಂಟರಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬುಕಿಂಗ್‌ನಲ್ಲಿ ಎರಡೂ ಹಾರಾಟಕ್ಕೆ ಸೈಕಲ್ ನಮೂದಾಗಿರುವ ಪ್ರತಿಯನ್ನು ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ.

ಇಳಿದ ಮೇಲೆ ಸೈಕಲ್ ಮಾಮೂಲಿ ಬೆಲ್ಟಿಗೆ ಬರುವುದು ಕಡಿಮೆ, ದೊಡ್ಡ ಸಾಮಾನಿನ ಬಾಗಿಲು ಬೇರೆ ಇರುತ್ತದೆ. ವಿಮಾನ ನಿಲ್ದಾಣ ಬಿಡುವ ಮೊದಲೇ ಪೆಟ್ಟಿಗೆ ತೆರೆದು ನೋಡಿ. ಏನಾದರೂ ಮುರಿದಿದ್ದರೆ ಅಲ್ಲೇ ಲಗೇಜ್ ಕೌಂಟರಿನಲ್ಲಿ ಪಿಐಆರ್ (ಲಗೇಜಿಗೆ ಆದ ತೊಂದರೆ ದಾಖಲಿಸುವ ವರದಿ) ಬರೆಸಿ, ಫೋಟೋ ತೆಗೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಗೆ ಲಿಖಿತ ದೂರು ಕೊಡಲು 7 ದಿನ, ತಡವಾಗಿ ಬಂದದ್ದಕ್ಕೆ 21 ದಿನ ಗಡುವು. ಪರಿಹಾರಕ್ಕೂ ಮಿತಿ ಇದೆ. 2024ರ ಡಿಸೆಂಬರ್ 28ರಿಂದ ಅದು ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ. ಸೈಕಲ್ ಅದಕ್ಕಿಂತ ಬೆಲೆಬಾಳುವುದಾದರೆ ಪ್ರತ್ಯೇಕ ವಿಮೆ ಮಾಡಿಸಿ.

ಕೆಸರುಗಾಲಿ

ಒಂದು ಮಾತು ಸೇರಿಸುತ್ತೇನೆ. ನ್ಯೂಜಿಲೆಂಡ್ ಅಥವಾ ಆಸ್ಟ್ರೇಲಿಯಾಕ್ಕೆ ಹೋಗುವುದಾದರೆ ಟೈರ್, ಪೆಡಲ್, ಶೂ ಅಡಿಯ ಮಣ್ಣು ಪೂರ್ತಿ ತೊಳೆದಿರಬೇಕು. ಬಳಸಿದ ಸೈಕಲ್ ತಂದಿದ್ದೇನೆ ಎಂದು ಅರ್ಜಿಯಲ್ಲಿ ಘೋಷಿಸಬೇಕು. ಅಲ್ಲಿ ಜೈವಿಕ ಸುರಕ್ಷತೆಯ ತಪಾಸಣೆ ಕಟ್ಟುನಿಟ್ಟು.

ಹಾದಿಗುಂಟ

ಎಲ್ಲರಿಗೂ ಮನಸಾರೆ ಧನ್ಯವಾದ. ಬ್ಲೀಡ್ ಆಯಿತು, ರಾತ್ರಿಯಿಡೀ ಮಲಗಿಸಿಟ್ಟರೂ ಲಿವರ್ ಗಟ್ಟಿಯಾಗಿಯೇ ಇದೆ. ಪೆಟ್ಟಿಗೆ ಈಗ 22.6 ಕಿಲೋ. ಸಣ್ಣ ವಿಮಾನದವರು ಮೇಲ್‌ಗೆ ಉತ್ತರಿಸಿದರು: ಈ ಎತ್ತರದ ಪೆಟ್ಟಿಗೆ ಆಗುವುದಿಲ್ಲ, 10 ಸೆಂ.ಮೀ. ಕಡಿಮೆಯಾದರೆ ಆದೀತು ಎಂದು. ಹಿಂದಿನ ಚಕ್ರ ಹಾಗೇ ಬಿಟ್ಟಿದ್ದೆ, ಅದನ್ನೂ ಬಿಚ್ಚಿದರೆ ಪೆಟ್ಟಿಗೆ ಕತ್ತರಿಸಿ ತಗ್ಗಿಸಬಹುದೇ?

ಹಿಂಚಕ್ರ

ಧಾರಾಳವಾಗಿ. ಹಿಂದಿನ ಚಕ್ರ ಬಿಚ್ಚಿದ ಮೇಲೆ ಫ್ರೇಮ್ ತಗ್ಗುತ್ತದೆ, ಆದರೆ ಪೆಡಲ್ ಬಳಿಯ ಹಲ್ಲುಚಕ್ರ, ಅಂದರೆ ಚೈನ್‌ರಿಂಗಿನ ಹಲ್ಲು ನೆಲಕ್ಕೆ ತಾಗುತ್ತದೆ. ಅದರ ಕೆಳಗೆ ಗಟ್ಟಿ ಫೋಮ್ ಇಡಿ, ಹಿಂದಿನ ಚಕ್ರ ಕೂರುವ ಜಾಗಕ್ಕೆ ನಿಮ್ಮ ಫ್ರೇಮಿನ ಅಳತೆಯ ಸ್ಪೇಸರ್ ಹಾಕಿ. ಪೆಟ್ಟಿಗೆಯ ಮೇಲ್ಭಾಗ ಕತ್ತರಿಸುವಾಗ ನಾಲ್ಕೂ ಮೂಲೆ ಸೀಳಿ ಒಳಕ್ಕೆ ಮಡಚಿ, ಮಡಿಕೆ ಎರಡು ಪದರವಾಗುವುದರಿಂದ ಅಂಚು ಇನ್ನೂ ಗಟ್ಟಿಯಾಗುತ್ತದೆ. ಕತ್ತರಿಸುವ ಮುಂಚೆ ಸೀಟ್ ಪೋಸ್ಟ್ ಮತ್ತು ಹ್ಯಾಂಡಲ್ ಒಳಗಿಟ್ಟು ಅಳೆದುಕೊಳ್ಳಿ. ಹೊಸ ಅಳತೆಯನ್ನು ಅದೇ ಮೇಲ್‌ಗೆ ಉತ್ತರವಾಗಿ ಬರೆದು ಕಳಿಸಿ, ಅವರ ಒಪ್ಪಿಗೆ ಬಂದ ಮೇಲೆಯೇ ಟೇಪ್ ಸುತ್ತಿ.