ಬೆಟ್ಟ ಸುತ್ತೋಕೆ ನಡಿಗೆಯೋ, ಸೈಕಲ್ಲೋ, ಕುದುರೆನೋ? ಅನುಭವ ಇದ್ದವ್ರು ಹೇಳಿ

ಪೇಟೆಬಿಟ್ಟವ, ಶಿರಸಿ
ಎಲ್ಲರಿಗೂ ನಮಸ್ಕಾರ. 14 ವರ್ಷ ಬೆಂಗಳೂರಲ್ಲಿದ್ದು ಈಗ ಮನೆಯಿಂದಲೇ ಕೆಲಸ ಅಂತ ಊರಿಗೆ ಬಂದಾಯ್ತು. ವಯಸ್ಸು 41, ಎಡ ಮಂಡಿ ಸ್ವಲ್ಪ ಕಿರಿಕಿರಿ, ಮಗಳಿಗೆ 11. ದೀಪಾವಳಿ ಕಳೆದ ಮೇಲೆ ವಾರಕ್ಕೊಂದಿನ ಇಬ್ರೂ ಕಾಡು ಬೆಟ್ಟ ಸುತ್ತಬೇಕು ಅಂತ ಆಸೆ. ಯಾಣ, ಉಂಚಳ್ಳಿ, ಗೋಕರ್ಣದ ಕಡಲ ದಂಡೆ, ಸಾಧ್ಯ ಆದ್ರೆ ಕಾಳಿ ಕಡೆನೂ. ನಡೆಯೋದಾ, ಸೈಕಲ್ ತಗೊಳ್ಳೋದಾ? ಬಜೆಟ್ 40 ಸಾವಿರ. ಇನ್ನೊಂದು, ನಗಬೇಡಿ, ಮಗಳು ಬೀಚಲ್ಲಿ ಒಂದ್ಸಲ ಕುದುರೆ ಹತ್ತಿದಾಗಿಂದ ಕಾಡಲ್ಲೂ ಕುದುರೆ ಮೇಲೆ ಹೋಗೋಣ ಅಂತ ತಲೆ ತಿಂತಿದಾಳೆ. ಪರ್ಮಿಶನ್ ಕಥೆ ಏನು? ಅನುಭವ ಇದ್ದವ್ರು ಮಾತ್ರ ಹೇಳಿ ಪ್ಲೀಸ್.

ಹಾರ್ಡ್‌ಟೇಲ್ ಹೆಗಡೆ
ಸೈಕಲ್. ಕಣ್ಮುಚ್ಕೊಂಡು ಸೈಕಲ್. ಆದ್ರೆ 40 ಸಾವಿರ ಅಂದ್ರಲ್ಲ, ಅದು ಬರೀ ಅಂಗಡಿ ಮೆಟ್ಟಿಲು ಹತ್ತೋ ದುಡ್ಡು. ನನ್ನ ಲೆಕ್ಕ ಕೇಳಿ. 2021ರಲ್ಲಿ ಹುಬ್ಬಳ್ಳಿಯಿಂದ 29 ಇಂಚಿನ ಹಾರ್ಡ್‌ಟೇಲ್ (ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಶನ್ ಇರೋ ಸೈಕಲ್) ತಂದೆ, 52,500. ಹೆಲ್ಮೆಟ್ಟು, ಲೈಟು, ಪಂಪು, ಪ್ಯಾಡ್ ಇರೋ ಚಡ್ಡಿ ಸೇರಿ ಇನ್ನೊಂದು 9 ಸಾವಿರ (ಚಡ್ಡಿ ಒಂದಕ್ಕೇ 2,200, ಅಪ್ಪಯ್ಯನ ಹತ್ರ 300 ಅಂದಿದ್ದೆ). ಮೊದಲನೇ ಮಳೆಗಾಲಕ್ಕೇ ಬಾಟಮ್ ಬ್ರಾಕೆಟ್ (ಪೆಡಲ್ ತಿರುಗೋ ಅಚ್ಚು) ಹೋಯ್ತು, ನಮ್ಮ ಕೆಂಪು ರಾಡಿ ಬೇರಿಂಗ್ ಒಳಗೆ ಹೊಕ್ಕಿದ್ರೆ ಪೆಡಲ್ ತುಳಿದಾಗೆಲ್ಲ ಹಿಟ್ಟಿನ ಗಿರಣಿ ಸೌಂಡು, ನಾನು ಬೇರೆ ಬೈಕ್ ತೊಳೆಯೋ ಜಾಗದಲ್ಲಿ ಪ್ರೆಶರ್ ನೀರು ಹೊಡೆಸಿದ್ದೆ, ಅದು ನನ್ನದೇ ತಪ್ಪು, ಇದ್ದ ಗ್ರೀಸೂ ತೊಳೆದು ಹೋಯ್ತು, 2,800. ದೇವಿಮನೆ ಘಟ್ಟ ಎರಡೇ ಸಲ ಇಳಿದಿದ್ದಕ್ಕೆ ಬ್ರೇಕ್ ಪ್ಯಾಡ್ ಸವೆದು ಕಬ್ಬಿಣಕ್ಕೆ ಬಂತು, ರೆಸಿನ್ ಪ್ಯಾಡ್ ನಮ್ಮ ಮಳೆಗೆ ನಿಲ್ಲೋದಿಲ್ಲ ಮೆಟಲ್‌ದೇ ಹಾಕಿ, ಜೋಡಿ 900, ರೋಟರ್ ಬೇರೆ 1,400. ಆಮೇಲೆ ಹೆಗ್ಗರಣೆ ದಾಟಿ ಉಂಚಳ್ಳಿ ಕಡೆ ಒಂದು ಕಾಲುದಾರಿಲಿ ಬಳ್ಳಿ ಸುತ್ತಿ ಹಿಂದಿನ ಗೇರ್ ನೇತಾಡೋ ಕೊಂಡಿ, ಡಿರೇಲರ್ ಹ್ಯಾಂಗರ್ ಅಂತಾರೆ, ಪಟ್ ಅಂತ ಮುರೀತು. ಹೆಬ್ಬೆರಳಿನಷ್ಟು ಅಲ್ಯುಮಿನಿಯಂ ತುಂಡು ಅದು, 450 ರೂಪಾಯಿ. ಶಿರಸಿಲಿ ಇಲ್ಲ, ಹುಬ್ಬಳ್ಳಿಲೂ ಇಲ್ಲ, ಪಾರ್ಸೆಲ್ ಬರೋಕೆ 19 ದಿನ. ಆವತ್ತು 11 ಕಿಮೀ ತಳ್ಕೊಂಡೇ ಬಂದಿದ್ದು. ಟೈರು, ಚೈನು, ಫೋರ್ಕ್ ಸರ್ವಿಸು ಎಲ್ಲಾ ಹಿಡಿದ್ರೆ ಇವತ್ತಿಗೆ 1,04,000 ಚಿಲ್ರೆ. ಮನೆಯವಳಿಗೆ 60 ಅಂತ ಗೊತ್ತು.

ಬೇಜಾರಿಲ್ಲ. ಬೆಳಿಗ್ಗೆ ಆರೂವರೆಗೆ ಮಂಜಲ್ಲಿ ಏನೂ ಕಾಣೋದಿಲ್ಲ, ಅಷ್ಟೊತ್ತಿಗೆ ಕೆಪ್ಪಜೋಗದ ಸದ್ದು ಕೇಳ್ತದೆ ನೋಡಿ, 116 ಮೀಟರ್ ಬೀಳೋ ನೀರು, ಉಂಚಳ್ಳಿಗೆ ಆ ಹೆಸರು ಸುಮ್ನೆ ಬಂದಿಲ್ಲ. ಕಾರಲ್ಲಿ ಹೋಗೋರಿಗೆ ಅದು ಸಿಕ್ಕೋದಿಲ್ಲ. ಸ್ಪೇರ್ ಹ್ಯಾಂಗರ್ ಎರಡು ಇಟ್ಕೊಳ್ಳಿ.

ಅಪ್ಪೆಹುಳಿ, ಸಿದ್ದಾಪುರ
ಶುರುವಾಯ್ತು ಸೈಕಲ್ ಪುರಾಣ. ಬಂದ ಖರ್ಚೆಲ್ಲ ಸಾಮಾನಿನದ್ದೇ, ಪುಣ್ಯವಂತರು. ನಂದು ಆಸ್ಪತ್ರೆ ಖರ್ಚು.

ನಾವು ನಾಲ್ಕು ಜನ ಹೆಂಗಸರು ಭಾನುವಾರ ಭಾನುವಾರ ಬೆಟ್ಟ ನಡೀತಿದ್ವಿ. ಎರಡು ವರ್ಷದ ಹಿಂದೆ ಫೆಬ್ರವರಿಲಿ ದರಕಿನ (ಒಣಗಿ ಬಿದ್ದ ಎಲೆ) ಮೇಲೆ ಚಾಪೆ ಹಾಸ್ಕೊಂಡು ಅವಲಕ್ಕಿ ತಿಂದ್ವಿ, ಅರ್ಧ ಗಂಟೆ ಕೂತಿದ್ದು. ವಾರ ಆಗೋದ್ರೊಳಗೆ ನಂಗೆ 103 ಜ್ವರ, ಸೊಂಟ ಮುರಿದ ಹಾಗೆ, ಕಣ್ಣುಗುಡ್ಡೆ ತಿರುಗಿಸಿದ್ರೂ ನೋವು. ಮೊದಲು ಡೆಂಗಿ ಅಂದ್ರು, ಆ ಟೆಸ್ಟು ಈ ಟೆಸ್ಟು ಅಂತ 3,400 ಕಟ್ಟಿಸಿದ್ರು, ಆಮೇಲೆ ರಕ್ತ ಕಳಿಸಿ ನೋಡಿದ್ರೆ ಮಂಗನ ಕಾಯಿಲೆ. ಪ್ಲೇಟ್ಲೆಟ್ 38 ಸಾವಿರಕ್ಕಿಳಿದಾಗ ರಾತ್ರೋರಾತ್ರಿ ಆಂಬುಲೆನ್ಸಲ್ಲಿ ಜಿಲ್ಲೆ ಬಿಟ್ಟು ಓಡಿದ್ದು, 12 ದಿನ ಮಲಗಿದ್ದೆ. ಬಿಟ್ಟಿತು ಅಂತ ಮನೆಗೆ ಬಂದ್ರೆ ಹತ್ತು ದಿನಕ್ಕೆ ಮತ್ತೆ ಜ್ವರ, ಇದು ಕೆಲವರಿಗೆ ಹೀಗೇ ಎರಡನೇ ಸುತ್ತು ಹೊಡೀತದೆ, ಆವಾಗ ಕೈ ನಡುಕ, ತಲೆಸುತ್ತು. ಎಲ್ಲಾ ಸೇರಿ 1,12,000. ಕೂದಲು ಉದುರಿದ್ದು ಲೆಕ್ಕಕ್ಕಿಲ್ಲ.

ಕ್ಯಾಸನೂರು ಇಲ್ಲೇ ಪಕ್ಕ, ಸೊರಬ ತಾಲೂಕು, 1957ರಲ್ಲಿ ಈ ಕಾಯಿಲೆ ಮೊದಲು ಕಂಡಿದ್ದು ಅಲ್ಲೇ. ಇವತ್ತಿಗೂ ಇದಕ್ಕೇ ಅಂತ ಒಂದು ಮಾತ್ರೆ ಇಲ್ಲ, ಹಳೇ ಲಸಿಕೆನೂ ನಿಲ್ಲಿಸಿದ್ರು. ಎಲ್ರೂ ಇಂಬಳ ಇಂಬಳ (ಜಿಗಣೆ) ಅಂತ ಕುಣೀತಾರೆ, ಇಂಬಳಕ್ಕೆ ಸುಣ್ಣ ತಂಬಾಕು ಸವರಿದ್ರೆ ಆಯ್ತು, ರಕ್ತ ಕುಡಿದು ಬಿದ್ದು ಹೋಗ್ತದೆ. ಮಂಗನ ಕಾಯಿಲೆ ಹರಡೋದು ಉಣುಗು (ಉಣ್ಣೆ ಹುಳ), ಎಳ್ಳಿನಷ್ಟಿರೋ ಅದು ಕಣ್ಣಿಗೇ ಕಾಣೋದಿಲ್ಲ. ಡಿಸೆಂಬರಿಂದ ಮೇವರೆಗೆ ಅದರದ್ದೇ ರಾಜ್ಯ. ಆಶಾ ಕಾರ್ಯಕರ್ತೆಯರ ಹತ್ರ ಉಣುಗು ದೂರ ಇಡೋ ಡೆಪಾ ಎಣ್ಣೆ ಕೇಳಿ, ಕಾಲು ಕೈಗೆ ಸವರಿ, ಎಲೆ ರಾಶಿ ಮೇಲೆ ಕೂರಬೇಡಿ, ಮಂಗ ಸತ್ತು ಬಿದ್ದದ್ದು ಕಂಡ್ರೆ ಬಂದ ದಾರಿಲೇ ವಾಪಸ್.

ಹಾರ್ಡ್‌ಟೇಲ್ ಹೆಗಡೆ
ಅಕ್ಕಾ, ಅದಕ್ಕೇ ಹೇಳಿದ್ದು ಸೈಕಲ್ ಅಂತ. ನೆಲಕ್ಕೆ ಕಾಲೇ ತಾಗೋದಿಲ್ಲ, ಉಣುಗು ಎಲ್ಲಿಂದ ಹತ್ತಬೇಕು?

ಅಪ್ಪೆಹುಳಿ, ಸಿದ್ದಾಪುರ
11 ಕಿಮೀ ತಳ್ಕೊಂಡು ಬಂದಾಗ ಹಾರ್ಕೊಂಡು ಬಂದ್ರಾ?

ಹಳಿಯಾಳ ಸವಾರ
ಪ್ರಶ್ನೆದಾಗ ಕುದುರಿ ಅಂತ ಐತಿ, ಯಾರೂ ಅದರ ಸುದ್ದಿ ತಗೀವಲ್ರಿ, ನಾ ಹೇಳತೇನಿ. ನೋಡ್ರಿ ಸರ, ಕುದುರಿ ಅಂದ್ರ ಗ್ವಾಡಿಗೆ ಆನಿಸಿ ನಿಂದ್ರಿಸಿ ಬರೋ ಸಾಮಾನಲ್ಲ. 2019ರಾಗ ಮಹಾರಾಷ್ಟ್ರದ ಒಂದು ಜಾತ್ರಿಯಿಂದ ಕಂದು ಬಣ್ಣದ ಹೆಣ್ಣಕುದುರಿ ತಂದೆ. ಕುದುರಿಗೆ 70 ಸಾವಿರ, ಟೆಂಪೋಕ್ಕ 14. ಜೀನು ಕಡಿವಾಣ ಹಳೇವ ತಗೊಂಡೆ, 11. ದಿನಾ ಹುರಳಿ, ಬೂಸಾ, ಒಣ ಹುಲ್ಲು ಹಿಡದು ತಿಂಗಳಿಗೆ 9ರಿಂದ 10 ಸಾವಿರ, ನಾ ಮನ್ಯಾಗ ಅಷ್ಟು ತಿನ್ನೂದಿಲ್ಲ. ಆರು ವಾರಕ್ಕೊಮ್ಮಿ ಲಾಳ ಹೊಡಿಯಾಂವ ಬೆಳಗಾವಿಂದ ಬರಬೇಕು, 1,200 ಅವಂಗ, ಮ್ಯಾಲ ಬಸ್ ಚಾರ್ಜು, ಮ್ಯಾಲ ಊಟ, ಮಳಿ ಇದ್ರ ಅಂವ ಬರೂದಿಲ್ಲ.

ನಮ್ಮ ಹಳಿಯಾಳ ಬಯಲಾಗ ಎರಡು ವರ್ಷ ಚಲೋ ಇತ್ತು. ತಲಿ ಕೆಟ್ಟು ದಾಂಡೇಲಿ ಕಡೆ ಕಾಡಿನಂಚಿಗೆ ಹೊಂಟೆ. ಚಿರೇಕಲ್ಲಿನ ಹರಳು ಗೊರಸಿನ ನಡುವ ಹೊಕ್ಕು ಕುಂಟಾಕತ್ತು, ಮೊಳಿ ತಗದು ನೋಡಿದ್ರ ಒಳಗ ಕೀವು. ಅದು ಆರಾಮಾಗೂದ್ರಾಗ ಹಸಿ ಹುಲ್ಲು ತಿಂದು ಹೊಟ್ಟಿಶೂಲಿ, ರಾತ್ರಿ ಎರಡರಿಂದ ಬೆಳಕ ಹರಿಯೂತನಕ ಹಗ್ಗ ಹಿಡದು ಅಂಗಳದಾಗ ಸುತ್ತಿಸೇನಿ, ಮಲಗಿಸಿದ್ರ ಕರಳ ತಿರುವತಾವು ಅಂತ. ಡಾಕ್ಟರು ಎಮ್ಮಿ ಡಾಕ್ಟರು, ಅವ್ರರ ಏನ ಮಾಡ್ಯಾರು. ಕಡೀಕ ಒಂದಿನ ಕಾಡುಕೋಣ ಎದುರಿಗೆ ಬಂತು, ಕುದುರಿ ಬೆದರಿ ನಿಂತಲ್ಲೇ ತಿರುಗ್ತು, ನಾ ತಿರುಗ್ಲಿಲ್ಲ. ಕಾಲರ್ ಬೋನ್, ಪ್ಲೇಟು, 68 ಸಾವಿರ. ಅದರ ಮ್ಯಾಲ ಫಾರೆಸ್ಟಿನಾಂವ ಬಂದು ರಿಸರ್ವಿನಾಗ ಪ್ರಾಣಿ ಹೊಗಸೀರಿ ಅಂತ ದಂಡ, ನಾ ನೆಲದ ಮ್ಯಾಗ ಬಿದ್ದೇನಿ, ಅಂವ ರಸೀದಿ ಪುಸ್ತಕ ಹುಡಕಾಕತ್ಯಾನ.

40ಕ್ಕ ಮದುವಿ ಮೆರವಣಿಗಿಯವ್ರಿಗೆ ಮಾರಿದೆ. ಹೋದ ವರ್ಷ ಹುಬ್ಬಳ್ಯಾಗ ಡಿಜೆ ಮುಂದ ನಿಂತಿದ್ದು ನೋಡಿದೆ, ತಲಿ ಮ್ಯಾಲ ಲೈಟಿನ ಸರ. ನಾ ಮಾತಾಡಿಸ್ಲಿಲ್ಲ. ಕಿವಿ ಮಾತ್ರ ನನ್ನ ಕಡೆ ತಿರುಗಿಸ್ತು.

ಮಗಳಿಗೆ ಬೇಡ ಅನಬ್ಯಾಡ್ರಿ. ಭಟ್ಕಳ ಬಂದರದಾಗ ಅರಬ್ಬಿ ಕುದುರಿ ಇಳಿಸಿ ವಿಜಯನಗರಕ್ಕ ಇದ ಘಟ್ಟ ಹತ್ತಿಸಿ ಒಯ್ದಾರ. ಆವಾಗ ಆಗಿದ್ದು ಈಗ ಯಾಕ ಆಗೂದಿಲ್ಲ?

ಕಾಳಿ ದಂಡೆ, ಕಾರವಾರ
ಹೌದು ಮಾರಾಯ್ರೇ, ಹತ್ತಿಸಿ ಸೀದಾ ಬಯಲುಸೀಮೆಗೆ ಹೊಡ್ಕೊಂಡು ಹೋಗ್ತಿದ್ರು, ಇಲ್ಲಿ ಇಟ್ಟು ಸಾಕ್ತಿರ್ಲಿಲ್ಲ. ಈ ಘಟ್ಟದಲ್ಲಿ ಮೆಣಸು, ಉಪ್ಪು, ಅಕ್ಕಿ ಹೊತ್ತಿದ್ದು ಹೇರಿನೆತ್ತು. ಮಿರ್ಜಾನ್ ಬಂದರಕ್ಕೆ ಮೆಣಸು ಇಳಿದಿದ್ದೂ ಎತ್ತಿನ ಬೆನ್ನ ಮೇಲೇ. ಮೈತುಂಬ ಬೆವರೋ ಪ್ರಾಣಿ ತಂದು ನಮ್ಮ ಮಳೇಲಿ ಕೊಳೆಸಿ ಆಮೇಲೆ ಅಳೋದು.

ಪ್ರಶ್ನೆ ಕೇಳಿದವ್ರು ಗೋಕರ್ಣ ಅಂದಿದ್ರು, ಅದನ್ನ ಹೇಳೋರೇ ಇಲ್ಲ. ನಾನು ಆ ದಂಡೆ ನಡಿಗೆ ಎಷ್ಟು ಸಲ ಮಾಡಿದೇನೋ ಲೆಕ್ಕ ಇಲ್ಲ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಬೇಲೆಕಾನು, ತದಡಿಲಿ ದೋಣಿ ಹತ್ತಿ ಅಘನಾಶಿನಿ ದಾಟಿ ಬಾಡ, ಆಮೇಲೆ ಕುಮಟಾ. ಅನುಭವಸ್ಥ ಅಂತ ಸೊಕ್ಕು ಬಂದಿತ್ತು. ಒಂದ್ಸಲ ಹುಣ್ಣಿಮೆ ಮಾರನೇ ದಿನ ಹಾಫ್ ಮೂನ್ ಬಿಟ್ಟಿದ್ದೇ ತಡ ಆಯ್ತು, ಗುಡ್ಡದ ಮೇಲಿನ ದಾರಿ ಬಿಟ್ಟು ಕೆಳಗಿನ ಬಂಡೆ ಮೇಲೆ ಹೋದೆ, ಭರತ ಏರಿ ಹಿಂದೂ ಇಲ್ಲ ಮುಂದೂ ಇಲ್ಲ. ಮೂರು ಗಂಟೆ ಒಂದು ಬಂಡೆ ಮೇಲೆ. 21 ಸಾವಿರದ ಫೋನು ಸಮುದ್ರಕ್ಕೆ, ಒಂದು ಚಪ್ಪಲಿ ಸಮುದ್ರಕ್ಕೆ, ಇನ್ನೊಂದನ್ನ ನಾನೇ ಸಿಟ್ಟಿಗೆ ಎಸೆದೆ, ಆಮೇಲೆ ಬರಿಗಾಲಲ್ಲಿ ಕಪ್ಪೆಚಿಪ್ಪು ಹತ್ತಿದ ಕಲ್ಲಿನ ಮೇಲೆ ನಡೆದಿದ್ದು, ಆವಾಗ ಗೊತ್ತಾಯ್ತು ಎಷ್ಟು ದಡ್ಡ ಅಂತ. ಅಂಗಾಲಿಗೆ ಏಳು ಹೊಲಿಗೆ. ಹುಣ್ಣಿಮೆ ಅಮಾಸೆ ನೋಡ್ಕೊಂಡು ಹೊರಡಿ.

ಪರ್ಮಿಶನ್ ಕೇಳಿದ್ರಿ. ಕಾಳಿ ಹುಲಿ ಮೀಸಲಿನ ಒಳಗೆ ನಿಮ್ಮಷ್ಟಕ್ಕೆ ಇಳಿದು ನಡೆಯೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ, ಸೈಕಲ್ ಆದ್ರೂ ಅಷ್ಟೇ. ಇಲಾಖೆಯವ್ರೇ ನಡೆಸೋ ಚಾರಣ ಇದ್ರೆ ಆನ್‌ಲೈನ್ ಟಿಕೆಟ್ ತಗೊಂಡು ಗೈಡ್ ಜೊತೆ ಹೋಗಿ. ಅಘನಾಶಿನಿ ಕಣಿವೆಲೂ ಸಿಂಗಳೀಕದ ಸಂರಕ್ಷಣಾ ಮೀಸಲಿದೆ, ರೇಂಜ್ ಆಫೀಸಲ್ಲಿ ಕೇಳ್ಕೊಂಡೇ ಹೋಗಿ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡಕ್ಕೆ ಮಾತ್ರ ಬೇಡ, 2024ರ ಜುಲೈ 16, ಶಿರೂರಲ್ಲಿ ಗುಡ್ಡ ಕುಸಿದಿದ್ದು, ಇಷ್ಟು ಬೇಗ ಮರೆತ್ರಾ? ಶಿರಸಿಯವ್ರಿಗೆ ಘಟ್ಟದ ಕೆಳಗೂ ಜಿಲ್ಲೆ ಇದೆ ಅಂತ ನೆನಪಾಗೋದು ಮೀನು ತಿನ್ನೋಕೆ ಬಂದಾಗ ಮಾತ್ರ.

ಹಾರ್ಡ್‌ಟೇಲ್ ಹೆಗಡೆ
ನಾವು ಮೀನು ತಿನ್ನಲ್ಲ. ಪ್ರತಿ ಕಾಗದಕ್ಕೂ ಕಾರವಾರದವರೆಗೆ ಓಡಿಸ್ತೀರಲ್ಲ, ಅದಕ್ಕೇ ಶಿರಸಿ ಬೇರೆ ಜಿಲ್ಲೆ ಆಗ್ಬೇಕು ಅನ್ನೋದು.

ಕಾಳಿ ದಂಡೆ, ಕಾರವಾರ
ಮಾಡ್ಕೊಳ್ಳಿ. ಡ್ಯಾಮು, ಕೈಗಾ, ನೌಕಾನೆಲೆಗೆಲ್ಲ ಜಾಗ ಬಿಟ್ಟು ಕೊಟ್ಟವ್ರು ನಾವು, ಜಿಲ್ಲೆ ಬೇಕಾಗಿದ್ದು ನಿಮಗೆ.

ಅಪ್ಪೆಹುಳಿ, ಸಿದ್ದಾಪುರ
ಎರಡು ಜಿಲ್ಲೆ ಆಮೇಲೆ ಮಾಡ್ಕೊಳ್ಳಿ, ಇರೋ ಒಂದಕ್ಕೆ ಮೊದಲು ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ತನ್ನಿ. ಆಂಬುಲೆನ್ಸಲ್ಲಿ ಮಲಗಿ ಘಟ್ಟದ ತಿರುವು ಎಣಿಸಿದವಳು ನಾನು.

ತೋಟಿಗ, ಶಿರಸಿ ತಾಲೂಕು
ಎಷ್ಟೊತ್ತಿಂದ ಓದ್ತಾ ಇದ್ದೆ, ಇನ್ನು ತಡೆಯೋಕಾಗೋದಿಲ್ಲ. ಎಲ್ರೂ ಕಾಲುದಾರಿ ಕಾಲುದಾರಿ ಅಂತೀರಲ್ಲ, ಅದು ಯಾರ ದಾರಿ? ನಮ್ಮ ಸೊಪ್ಪಿನಬೆಟ್ಟದ ದಾರಿ. ಒಂದೆಕರೆ ಅಡಿಕೆ ತೋಟಕ್ಕೆ ಇಂತಿಷ್ಟು ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಿಟ್ಟಿದ್ದು, ಅಜ್ಜನ ಕಾಲದಿಂದ ಸೊಪ್ಪು ದರಕು ತಂದು ತೋಟಕ್ಕೆ ಹಾಕ್ತಾ ಇದ್ದೇವೆ. ಈಗ ಭಾನುವಾರ ಆಯ್ತು ಅಂದ್ರೆ ಸೈಕಲ್ಲು, ಬೈಕು, ಡ್ರೋನು. ಹೋಗಿ, ಬೇಡ ಅನ್ನೋದಿಲ್ಲ, ಆದ್ರೆ ದಣಪೆ (ಬೇಲಿ ಬಾಗಿಲಿಗೆ ಅಡ್ಡ ಹಾಕೋ ಕೋಲು) ತೆಗೆದವ್ರು ವಾಪಸ್ ಹಾಕಬೇಕು ಅಂತ ಒಂದು ಬುದ್ಧಿ ಬೇಡವಾ? ಮೂರು ಕೋಲು ಸರಿಸಿದ್ದನ್ನ ಮೂರು ಕೋಲು ಎಳೆದರಾಯ್ತು. ಹೋದ ನವೆಂಬರಲ್ಲಿ ಒಬ್ಬ ಪುಣ್ಯಾತ್ಮ ಕಿತ್ತಳೆ ಬಣ್ಣದ ಹೆಲ್ಮೆಟ್ ಹಾಕ್ಕೊಂಡು ಸೈಕಲ್ ತಳ್ಕೊಂಡು ಹೋದ, ಕರೆದರೂ ಕೇಳ್ಲಿಲ್ಲ, ಕಿವಿಲಿ ಏನೋ ಹಾಕಿದ್ದ. ದಣಪೆ ಮೂರೂ ಕೋಲು ನೆಲದ ಮೇಲೆ. ಸಂಜೆ ಒಳಗೆ ದನ ನುಗ್ಗಿ ಎರಡು ವರ್ಷದ ಅಡಿಕೆ ಸಸಿ 14 ಸುಳಿ ಸಮೇತ ತಿಂದ್ವು. ಸಸಿ ದರ, ಗುಂಡಿ ತೆಗೆಸಿದ್ದು, ಆಳಿನ ಸಂಬಳ, ಎರಡು ವರ್ಷದ ಗೊಬ್ಬರ, ಅದನ್ನೂ ಬರೀರಿ ನಿಮ್ಮ ಖರ್ಚಿನ ಪಟ್ಟಿಲಿ.

ಹಾರ್ಡ್‌ಟೇಲ್ ಹೆಗಡೆ
ಬೆಟ್ಟ ಸರ್ಕಾರದ್ದು ರಾಯ್ರೇ. ನಿಮಗಿರೋದು ಸೊಪ್ಪು ಒಣ ಕಟ್ಟಿಗೆ ತರೋ ಹಕ್ಕು, ಜನ ನಡೆದಾಡೋದನ್ನ ತಡೆಯೋ ಹಕ್ಕಲ್ಲ. ಮತ್ತೆ ಆ ದಣಪೆ ಮೊದಲೇ ಬಿದ್ದಿತ್ತು.

ತೋಟಿಗ, ಶಿರಸಿ ತಾಲೂಕು
ಯಾವ ದಣಪೆ ಅಂತ ನಾನು ಹೇಳಲೇ ಇಲ್ಲ, ಮೊದಲೇ ಬಿದ್ದಿತ್ತು ಅಂತ ನಿಮಗೆ ಹ್ಯಾಂಗೆ ಗೊತ್ತು?

ಅಪ್ಪೆಹುಳಿ, ಸಿದ್ದಾಪುರ
😂😂 ಹೆಗಡೇರೇ, ಹೆಲ್ಮೆಟ್ ಯಾವ ಬಣ್ಣ?

ಹಾರ್ಡ್‌ಟೇಲ್ ಹೆಗಡೆ
ಕಿತ್ತಳೆ ಹೆಲ್ಮೆಟ್ ಅರ್ಧ ಶಿರಸಿ ಹತ್ರ ಇದೆ. ಹ್ಯಾಂಗರ್ ಮುರಿದ ದಿನ ನನಗೆ ತಲೆನೇ ಓಡ್ತಾ ಇರ್ಲಿಲ್ಲ, ನೀರು ಖಾಲಿ ಆಗಿತ್ತು, ಕಾಲು ಸೆಳೀತಿತ್ತು. ಇರಬಹುದು.

ಹಳಿಯಾಳ ಸವಾರ
ಕುದುರಿ ಆಗಿದ್ರ ದಣಪಿ ಹಾರಿ ಹೋಗ್ತಿತ್ತು, ತಗಿಯೋದೂ ಇಲ್ಲ ಹಾಕೋದೂ ಇಲ್ಲ.

ಕಾಳಿ ದಂಡೆ, ಕಾರವಾರ
ಹಾರಿ ನೀವು ತೋಟದಲ್ಲಿ ಬೀಳ್ತಿದ್ರಿ, ಇನ್ನೊಂದು 68 ಸಾವಿರ.

ಪೇಟೆಬಿಟ್ಟವ, ಶಿರಸಿ
ಎಲ್ರಿಗೂ ಥ್ಯಾಂಕ್ಸ್, ಕುದುರೆ ವಿಷಯ ಮಗಳಿಗೆ ಓದಿ ಹೇಳಿದೆ, ಮೆರವಣಿಗೆದು ಕೇಳಿ ಅತ್ತಳು, ಆಸೆ ಮಾತ್ರ ಬಿಟ್ಟಿಲ್ಲ. ಮೊದಲನೇ ಭಾನುವಾರಕ್ಕೆ ಯಾಣ ಅಂದ್ಕೊಂಡಿದ್ದೆ. ನನ್ನ ಮಂಡಿಗೆ ಅಲ್ಲಿನ ಮೆಟ್ಟಿಲು ಆಗ್ತದಾ? ಯಾರೂ ಹೇಳ್ಲಿಲ್ಲ.

ಕಾಳಿ ದಂಡೆ, ಕಾರವಾರ
ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತಿದ್ರು. ಈಗ ಗಾಡಿ ಹತ್ರದವರೆಗೂ ಹೋಗ್ತದೆ, ಸೊಕ್ಕೂ ಬೇಡ. ಭೈರವೇಶ್ವರ ಶಿಖರ 120 ಮೀಟರ್, ಕತ್ತೆತ್ತಿದ್ರೆ ಸಾಕು, ಮಂಡಿಗಿಂತ ಕತ್ತು ನೋಯ್ತದೆ. ಕೋಲು ಹಿಡ್ಕೊಳ್ಳಿ.

ತೋಟಿಗ, ಶಿರಸಿ ತಾಲೂಕು
ತಮಾ, ಮಗಳನ್ನ ಕರ್ಕೊಂಡು ನಮ್ಮನೆಗೇ ಬಾ, ಅಂಗಳದಲ್ಲಿ ಕಾರು ಬಿಟ್ಟು ಬೆಟ್ಟ ತೋರಿಸ್ತೇನೆ, ಮಂಡಿಗೂ ಆಗ್ತದೆ. ಹೆಗಡೇರೇ, ಅದು ನೀವೇಯ ಹೇಳಿ ಯಂಗೆ ಗೊತ್ತಿತ್ತಿಲ್ಲೆ. ಬೈಯೋದಿಲ್ಲ, ಸಸಿ ದುಡ್ಡು ಕೊಟ್ಟು ಕಷಾಯ ಕುಡ್ಕೊಂಡು ಹೋಗಿ.

ಹಾರ್ಡ್‌ಟೇಲ್ ಹೆಗಡೆ
ಕೊಡೋಣ ಬಿಡಿ. ಆದ್ರೆ 14 ಅನ್ನೋದು ಜಾಸ್ತಿ ಆಯ್ತು. ನಾನು ಮಾರನೇ ವಾರ ಅದೇ ದಾರಿಲಿ ಬಂದಿದ್ದೆ, ಆರು ಸಸಿನೂ ಹೋಗಿರ್ಲಿಲ್ಲ.

ತೋಟಿಗ, ಶಿರಸಿ ತಾಲೂಕು
ಮಾರನೇ ವಾರನೂ ಬಂದಿದ್ರಾ?! ಓಹೋ, ಹಾಗಾದ್ರೆ ಎರಡನೇ ಸಲ ದಣಪೆ ಬಿಟ್ಟಿದ್ದೂ…